ಹತ್ತು ಹೋಯ್ತು, ಹತ್ತು ಬಂತು: ಥಿಯೇಟರ್ ಲೆಕ್ಕ ನಂಬಬಹುದಾ?

ಹೋದ ಸಂಚಿಕೆಯಲ್ಲಿ ಆಪರೇಷನ್‌ಗೆ ಮುಂಚೆ ಸಹಿ ಹಾಕುವ ಕಾಗದದ ಬಗ್ಗೆ ಬರೆದಿದ್ದೆ. ಅದನ್ನು ಓದಿ ಪತ್ರ ಬರೆದವರಲ್ಲಿ ಅರ್ಧಕ್ಕರ್ಧ ಜನ ಕೇಳಿದ್ದು ಒಂದೇ: ಹೊಟ್ಟೆಯೊಳಗೆ ಬಟ್ಟೆ ಬಿಟ್ಟುಬಿಟ್ಟರೆ? ಹಾಗಾಗಿ ಈ ಸಲ ಪೂರ್ತಿ ಅದೇ. ನಾನು ಬೆಂಗಳೂರಿನ ಆಪರೇಷನ್ ಥಿಯೇಟರ್‌ಗಳಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ಡಾಕ್ಟರ್ ಅಲ್ಲ. ಆದರೆ ಈ ಬಟ್ಟೆ ಎಣಿಸುವ ಕೆಲಸವನ್ನು ಮಾತ್ರ ಯಾವ ಡಾಕ್ಟರ್‌ಗಿಂತಲೂ ಜಾಸ್ತಿ ಮಾಡಿದ್ದೇನೆ.

ಪ್ರಶ್ನೆ: ಸಿಸ್ಟರ್, ನಮಸ್ಕಾರ. ನಮ್ಮ ಅಮ್ಮನಿಗೆ 58 ವರ್ಷ. ಮುಂದಿನ ತಿಂಗಳು ಗರ್ಭಕೋಶ ತೆಗೆಸಬೇಕು. ಗಡ್ಡೆ ದೊಡ್ಡದಿದೆ, ಹೊಟ್ಟೆ ಕೊಯ್ದೇ ಮಾಡಬೇಕು ಅಂದಿದ್ದಾರೆ. ಆಸ್ಪತ್ರೆಯವರು ಕೊಟ್ಟ ಖರ್ಚಿನ ಅಂದಾಜು ಚೀಟಿಯಲ್ಲಿ 'ಆರ್‌ಎಫ್ ಸ್ಪಾಂಜ್' ಅಂತ ಒಂದು ಸಾಲು ಇದೆ, ಅದಕ್ಕೆ ಬೇರೆ ದುಡ್ಡು. ನಮ್ಮ ಭಾವ ಇದೆಲ್ಲ ಸುಲಿಗೆ ಅನ್ನುತ್ತಾರೆ. ಅಮ್ಮ ಮಾತ್ರ ಊರಲ್ಲಿ ಯಾರದೋ ಹೊಟ್ಟೆಯಲ್ಲಿ ಬಟ್ಟೆ ಸಿಕ್ಕಿದ ಕಥೆ ಕೇಳಿ ಹೆದರಿ ಕೂತಿದ್ದಾರೆ. ಏನಿದು? ನಿಜಕ್ಕೂ ಬೇಕಾ?
(ಓದುಗರು, ಬಸವನಗುಡಿ)

ಉತ್ತರ: ಸುಲಿಗೆ ಅಲ್ಲ ಅಂತ ಮೊದಲು ನಿಮ್ಮ ಭಾವನವರಿಗೆ ಹೇಳಿ. ಬೇಕೇ ಬೇಕಾ ಅನ್ನೋದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಸ್ಪಾಂಜ್ ಅಂದರೆ ಪಾತ್ರೆ ತಿಕ್ಕುವ ಸ್ಪಾಂಜ್ ಅಲ್ಲ, ಹತ್ತಿಯ ಗಾಜ್ ಬಟ್ಟೆ. ನಮ್ಮ ಥಿಯೇಟರ್‌ಗಳಲ್ಲಿ ಚಿಕ್ಕದಕ್ಕೆ ಗಾಜ್ ಪೀಸ್, ದೊಡ್ಡದಕ್ಕೆ ಮಾಪ್ ಅನ್ನುತ್ತೇವೆ. ಮಾಪ್ ಅಂದರೆ ಕರ್ಚೀಫಿನಷ್ಟು ದೊಡ್ಡದು, ಹಲವು ಪದರ ಹೊಲಿದು ಮೂಲೆಗೊಂದು ಲಾಡಿ ಇಟ್ಟಿರುತ್ತಾರೆ. ಟ್ರಾಲಿಯ ಮೇಲೆ ಇರುವಾಗ ಬೆಳ್ಳಗೆ ಕಣ್ಣಿಗೆ ಹೊಡೆಯುತ್ತದೆ. ಒಳಗೆ ಹೋಗಿ ರಕ್ತ ಹೀರಿದ ಮೇಲೆ ನೋಡಬೇಕು ನೀವು. ಮುದ್ದೆಯಾಗಿ, ಕರುಳಿನ ಪಕ್ಕದಲ್ಲಿ ಕರುಳಿನದೇ ಬಣ್ಣಕ್ಕೆ ತಿರುಗಿ ಸುಮ್ನೆ ಮಲಗಿರುತ್ತದೆ. ಕಣ್ಣಿಗೆ ಬಿಡಿ, ಕೈಗೂ ಗೊತ್ತಾಗಲ್ಲ.

ಅದಕ್ಕೇ ಎಣಿಸುವುದು. ಕೈತೊಳೆದು ಗೌನ್ ಹಾಕಿ ಡಾಕ್ಟರ್ ಪಕ್ಕ ನಿಲ್ಲುವ ಸ್ಕ್ರಬ್ ನರ್ಸ್ ಒಬ್ಬರು, ಹೊರಗಿನಿಂದ ಸಾಮಾನು ಕೊಡುವ ಫ್ಲೋರ್ ನರ್ಸ್ ಒಬ್ಬರು. ಇಬ್ಬರೂ ಸೇರಿ ಬಾಯಿಬಿಟ್ಟು ಎಣಿಸಬೇಕು. ಶುರುವಿನಲ್ಲಿ ಒಂದು ಸಲ, ಹೊಸ ಕಟ್ಟು ಬಿಚ್ಚಿದಾಗೆಲ್ಲ ಒಂದು ಸಲ, ಹೊಟ್ಟೆ ಮುಚ್ಚುವ ಮುಂಚೆ, ಚರ್ಮ ಹೊಲಿಯುವಾಗ, ಮಧ್ಯೆ ಡ್ಯೂಟಿ ಬದಲಾದರೆ ಆಗಲೂ. ಗೋಡೆಯ ಬೋರ್ಡ್ ಮೇಲೆ ಸಂಖ್ಯೆ ಬರೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಚೆಕ್‌ಲಿಸ್ಟ್‌ನ ಕೊನೆಯ ಭಾಗದಲ್ಲೂ ಇದು ಇದೆ: ಮಾಪ್, ಸೂಜಿ, ಉಪಕರಣ ಎಣಿಸಿ ಮುಗಿಯಿತು ಅಂತ ನರ್ಸ್ ಗಟ್ಟಿಯಾಗಿ ಹೇಳಬೇಕು.

ಇಷ್ಟೆಲ್ಲ ಮಾಡಿದರೂ ಹೇಗೆ ಉಳಿಯುತ್ತದೆ? ಇಲ್ಲೇ ಎಲ್ಲರೂ ತಪ್ಪು ತಿಳಿಯುವುದು. ಎಣಿಸದೇ ಬಿಟ್ಟಿದ್ದಕ್ಕೆ ಉಳಿಯಿತು ಅಂದುಕೊಳ್ಳುತ್ತಾರೆ. 2003ರಲ್ಲಿ ಅಮೆರಿಕದಲ್ಲಿ ಹೀಗೆ ಒಳಗೆ ವಸ್ತು ಉಳಿದ 54 ರೋಗಿಗಳ ಕೇಸುಗಳನ್ನು ತೆಗೆದು ನೋಡಿದರು. ಸಿಕ್ಕಿದ 61 ವಸ್ತುಗಳಲ್ಲಿ ನೂರಕ್ಕೆ 69 ಮಾಪ್ ಮತ್ತು ಗಾಜ್. ಎಣಿಕೆ ನಡೆದ ಕೇಸುಗಳನ್ನು ಮಾತ್ರ ತೆಗೆದುಕೊಂಡರೆ, ನೂರಕ್ಕೆ 88ರಲ್ಲಿ ಕೊನೆಯ ಲೆಕ್ಕ ಸರಿಯಾಗಿದೆ ಅಂತಲೇ ಬರೆದಿತ್ತು! ಅಂದರೆ ಹತ್ತು ಹೋಯ್ತು, ಹತ್ತು ಬಂತು, ಎಲ್ಲರೂ ನೆಮ್ಮದಿಯಾಗಿ ಹೊಲಿದು ಮುಗಿಸಿದರು, ಹನ್ನೊಂದನೆಯದು ಒಳಗೇ ಇತ್ತು. ಲೆಕ್ಕ ತಾಳೆ ಆಗದಿದ್ದರೆ ಇಡೀ ಥಿಯೇಟರ್ ತಲೆಕೆಳಗಾಗುತ್ತದೆ, ಬಕೆಟ್ ಬೋರಲು ಹಾಕುತ್ತೇವೆ, ಹೊದಿಸಿದ ಬಟ್ಟೆ ಕೊಡವುತ್ತೇವೆ, ಡಾಕ್ಟರ್ ಬೂಟಿನ ಅಡಿಯಲ್ಲೂ ನೋಡುತ್ತೇವೆ. ತಪ್ಪಾಗಿ ತಾಳೆಯಾದರೆ ಯಾರೂ ಏನೂ ಹುಡುಕುವುದಿಲ್ಲ. ಅಪಾಯ ಇರುವುದು ಅಲ್ಲಿ.

ನಿಮ್ಮ ಚೀಟಿಯಲ್ಲಿರುವ ಆರ್‌ಎಫ್, ಅಂದರೆ ರೇಡಿಯೊ ಅಲೆಯಿಂದ ಮಾಪ್ ಹುಡುಕುವ ವ್ಯವಸ್ಥೆ, ಕೆಲಸ ಮಾಡುವುದು ಸರಿಯಾಗಿ ಈ ಜಾಗದಲ್ಲಿ. ಪ್ರತಿ ಮಾಪ್‌ನ ಹೊಲಿಗೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಚಿಪ್ ಇರುತ್ತದೆ. ಹೊಟ್ಟೆ ಮುಚ್ಚುವ ಮುಂಚೆ ರೋಗಿಯ ಮೇಲೆ ಒಂದು ಕೋಲಿನಂಥದ್ದನ್ನು ಆಡಿಸುತ್ತಾರೆ, ಇಲ್ಲವೇ ಟೇಬಲ್ ಮೇಲೆ ಹಾಸಿರುವ ಮ್ಯಾಟ್ ಆ ಕೆಲಸ ಮಾಡುತ್ತದೆ. ಒಳಗೆ ಮಾಪ್ ಇದ್ದರೆ ಬೀಪ್. ನರ್ಸ್ ಎಷ್ಟು ಎಣಿಸಿದರು ಅನ್ನುವುದು ಅದಕ್ಕೆ ಬೇಕೇ ಇಲ್ಲ.

ಅಮ್ಮನಿಗೆ ಹೇಳಿ, ಇದು ದಿನಾ ಆಗುವಂಥದ್ದಲ್ಲ. ಅದೇ ಅಧ್ಯಯನ ಮಾಡಿದವರ ಅಂದಾಜಿನಲ್ಲಿ ಸುಮಾರು 8,800ರಿಂದ 18,760 ಆಪರೇಷನ್‌ಗಳಿಗೆ ಒಂದು. ಅದೂ ಗಡಿಬಿಡಿಯ ಎಮರ್ಜೆನ್ಸಿ ಆಪರೇಷನ್‌ಗಳಲ್ಲಿ ಒಂಬತ್ತು ಪಟ್ಟು ಜಾಸ್ತಿ, ಮಧ್ಯದಲ್ಲಿ ಪ್ಲ್ಯಾನ್ ಬದಲಾದರೆ ನಾಲ್ಕು ಪಟ್ಟು. ಮೈ ದಪ್ಪ ಇದ್ದಷ್ಟೂ ಅಪಾಯ ಏರುತ್ತದೆ. ನಿಮ್ಮ ಅಮ್ಮನದು ದಿನ ಗೊತ್ತುಮಾಡಿ ಬೆಳಗ್ಗೆ ಮಾಡುವ ಆಪರೇಷನ್. ಆ ಸಾಲಿನ ದುಡ್ಡು ನಿಮಗೆ ಹೊರೆ ಅಲ್ಲದಿದ್ದರೆ ಕೊಡಿ. ಹೊರೆ ಆದರೆ ಜಗಳ ಆಡಬೇಡಿ, ಬದಲಿಗೆ ಡಾಕ್ಟರ್ ಹತ್ತಿರ ಎರಡು ಮಾತು ಕೇಳಿ. ನೀವು ಬಳಸುವ ಮಾಪ್‌ಗಳಲ್ಲಿ ಎಕ್ಸ್-ರೇಗೆ ಕಾಣುವ ದಾರ ಇದೆಯಾ? ಲೆಕ್ಕವನ್ನು ಇಬ್ಬರು ಸೇರಿ ಮಾಡಿ ಬರೆದಿಡುತ್ತಾರಾ? ಈ ಎರಡಕ್ಕೆ ಹೌದು ಅಂತ ತಡವರಿಸದೆ ಹೇಳುವ ಆಸ್ಪತ್ರೆಯಾದರೆ ಧೈರ್ಯವಾಗಿ ಹೋಗಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ, ಅದೂ ಒಂದು ಉತ್ತರವೇ ಅಲ್ವಾ.

ಪ್ರಶ್ನೆ: ನಾನು ಓಟಿ ಟೆಕ್ನಿಷಿಯನ್. ನಮ್ಮದು 60 ಹಾಸಿಗೆಯ ಆಸ್ಪತ್ರೆ. ಬಾರ್‌ಕೋಡ್, ಆರ್‌ಎಫ್, ಆರ್‌ಎಫ್‌ಐಡಿ ಅಂತ ಮೂರು ಕಡೆಯವರು ಬಂದು ಡೆಮೊ ಕೊಟ್ಟು ಹೋದರು. ಡೆಮೊದಲ್ಲಿ ಮೂರೂ ಚೆನ್ನಾಗಿಯೇ ಇತ್ತು. ಯಾವುದು ತಗೊಳ್ಳೋಣ ಅಂತ ಸರ್ ನನ್ನನ್ನೇ ಕೇಳುತ್ತಿದ್ದಾರೆ. ಕಂಪನಿ ಭಾಷೆ ಬೇಡ, ನೇರವಾಗಿ ಹೇಳಿ.
(ಹೆಸರು ಬೇಡ, ರಾಜಾಜಿನಗರ)

ಉತ್ತರ: ಡೆಮೊದಲ್ಲಿ ಎಲ್ಲವೂ ಚೆನ್ನಾಗಿರುತ್ತದೆ ಮರಿ, ಮದುವೆ ಫೋಟೊ ಥರ. ರಾತ್ರಿ ಎರಡು ಗಂಟೆಗೆ, ಇಬ್ಬರ ಜಾಗದಲ್ಲಿ ಒಬ್ಬರೇ ನರ್ಸ್ ಇರುವಾಗ ಏನಾಗುತ್ತದೆ ಅಂತ ನೋಡಬೇಕು.

ಮೂರಕ್ಕೂ ಹೆಸರು ಹತ್ತಿರ ಹತ್ತಿರ ಇದೆ, ಕೆಲಸ ಮಾತ್ರ ಬೇರೆ ಬೇರೆ. ಬಾರ್‌ಕೋಡ್ ಅಂದರೆ ಸೂಪರ್ ಮಾರ್ಕೆಟ್‌ನ ಬಿಲ್ಲಿಂಗ್ ಕೌಂಟರ್. ಪ್ರತಿ ಮಾಪ್‌ಗೂ ಅದರದೇ ನಂಬರ್. ಒಳಗೆ ಕೊಡುವಾಗ ಸ್ಕ್ಯಾನ್, ಹೊರಗೆ ಬಂದಾಗ ಸ್ಕ್ಯಾನ್. ಆರ್‌ಎಫ್ ಅಂದರೆ ಬಟ್ಟೆ ಅಂಗಡಿಯ ಬಾಗಿಲಲ್ಲಿ ಇರುತ್ತಲ್ಲ, ಬಿಲ್ ಮಾಡದೆ ಸೀರೆ ಹಿಡಿದು ಹೊರಟರೆ ಕೂಗುವ ಗೇಟ್, ಅದು. ಯಾವ ಸೀರೆ, ಎಷ್ಟು ಸೀರೆ ಅಂತ ಅದಕ್ಕೆ ಗೊತ್ತಿಲ್ಲ. ಏನೋ ಇದೆ ಅಂತ ಮಾತ್ರ ಗೊತ್ತು. ಆರ್‌ಎಫ್‌ಐಡಿ ಅಂದರೆ ಟೋಲ್‌ನ ಫಾಸ್ಟ್ಯಾಗ್. ಇದೆ ಅಂತಲೂ ಹೇಳುತ್ತದೆ, ಯಾವುದು ಅಂತಲೂ ಹೇಳುತ್ತದೆ.

ಕೇಳಿದ ತಕ್ಷಣ ಫಾಸ್ಟ್ಯಾಗ್ ಥರದ್ದೇ ಬೆಸ್ಟ್ ಅನ್ನಿಸುತ್ತದೆ. ತಡಿ.

ಮೊದಲು ಬಾರ್‌ಕೋಡ್. ಬಕೆಟ್‌ನಲ್ಲಿ ಒದ್ದೆ ಮಾಪ್‌ಗಳು ಒಂದರ ಮೇಲೊಂದು ನೀರುದೋಸೆ ಥರ ಅಂಟಿಕೊಂಡಿರುತ್ತವೆ. ಎರಡನ್ನು ಒಂದು ಅಂತ ಎಣಿಸುವುದು, ಒಂದನ್ನೇ ಎರಡು ಸಲ ಎಣಿಸುವುದು ಎರಡೂ ನಡೆಯುತ್ತದೆ. ಬಾರ್‌ಕೋಡ್ ಇದಕ್ಕೆ ಜಾಗ ಕೊಡುವುದಿಲ್ಲ. ಒಂದೇ ನಂಬರ್ ಎರಡನೇ ಸಲ ಬಂದರೆ ಮೆಷಿನ್ ಒಪ್ಪಲ್ಲ. ಬಾಸ್ಟನ್‌ನಲ್ಲಿ 300 ಆಪರೇಷನ್‌ಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿ ನೋಡಿದರು, 2008ರಲ್ಲಿ ವರದಿ ಬಂತು. ಮಾಮೂಲಿ ಎಣಿಕೆಯ ಗುಂಪಿನಲ್ಲಿ 13 ಸಲ ಲೆಕ್ಕದ ವ್ಯತ್ಯಾಸ ಸಿಕ್ಕಿತು, ಬಾರ್‌ಕೋಡ್ ಗುಂಪಿನಲ್ಲಿ 32 ಸಲ. ಬಾರ್‌ಕೋಡ್ ಬಂದಮೇಲೆ ತಪ್ಪು ಜಾಸ್ತಿ ಆಯ್ತು ಅಂತಲ್ಲ, ಮುಂಚೆ ಕಣ್ಣಿಗೆ ಬೀಳದ್ದು ಬೀಳತೊಡಗಿತು. ಬೆಲೆಯೂ ಇದೆ. ಎಣಿಕೆಗೆ ಹಿಡಿದ ಹೊತ್ತು 2.4 ನಿಮಿಷದಿಂದ 5.3 ನಿಮಿಷಕ್ಕೆ ಏರಿತು. ದಿನಕ್ಕೆ ಎಂಟು ಕೇಸ್ ಇರುವ ಥಿಯೇಟರ್‌ನಲ್ಲಿ ಈ ಮೂರು ನಿಮಿಷಕ್ಕೆ ಯಾರು ಎಷ್ಟು ಗೊಣಗುತ್ತಾರೆ ಅಂತ ನಿನಗೇ ಗೊತ್ತು.

ಇಡೀ ಆಸ್ಪತ್ರೆ ಪಟ್ಟುಹಿಡಿದು ಮಾಡಿದರೆ ಬಾರ್‌ಕೋಡ್ ಏನು ಮಾಡಬಲ್ಲದು ಅನ್ನುವುದಕ್ಕೆ ಮೇಯೊ ಕ್ಲಿನಿಕ್ ಇದೆ. ಅಮೆರಿಕದ ರಾಚೆಸ್ಟರ್‌ನಲ್ಲಿ ಅವರಿಗೆ ಮುಂಚೆ ಸರಾಸರಿ 64 ದಿನಕ್ಕೊಂದು ಮಾಪ್ ಒಳಗೆ ಉಳಿಯುತ್ತಿತ್ತು. 2009ರಲ್ಲಿ ಬಾರ್‌ಕೋಡ್ ತಂದರು. ಮುಂದಿನ 18 ತಿಂಗಳಲ್ಲಿ 87,404 ಆಪರೇಷನ್, 18 ಲಕ್ಷಕ್ಕೂ ಜಾಸ್ತಿ ಮಾಪ್ ಮತ್ತು ಗಾಜ್. ಉಳಿದದ್ದು ಸೊನ್ನೆ. ನನಗೆ ಆ ಸೊನ್ನೆಗಿಂತ 64 ದಿನವೇ ಜಾಸ್ತಿ ತಾಗಿತು. ಮೇಯೊ ಕ್ಲಿನಿಕ್ ಅಂದರೆ ಸುಮ್ನೆ ಅಲ್ಲ. ಅಂಥವರಿಗೇ ಎರಡು ತಿಂಗಳಿಗೊಂದು, ಅದೂ ಬಚ್ಚಿಡದೆ ಲೆಕ್ಕ ಇಟ್ಟು ಹೇಳಿದರು. ನಮ್ಮಲ್ಲಿ ಎಷ್ಟು ಆಸ್ಪತ್ರೆ ಇಂಥ ಪುಸ್ತಕ ಇಟ್ಟಿದೆ ಹೇಳು?

ಬಾರ್‌ಕೋಡ್‌ನ ದೌರ್ಬಲ್ಯ ಎರಡು. ಏಳನೇ ನಂಬರ್ ಮಾಪ್ ಬಂದಿಲ್ಲ ಅಂತ ಹೇಳುತ್ತದೆ, ಎಲ್ಲಿದೆ ಅಂತ ಹೇಳಲ್ಲ. ಹೊಟ್ಟೆಯಲ್ಲೋ, ಕಸದ ಚೀಲದಲ್ಲೋ, ನೀನೇ ಹುಡುಕಬೇಕು. ಇನ್ನೊಂದು, ಸ್ಕ್ಯಾನ್ ಮಾಡದೆ ಒಳಗೆ ಹೋದ ಮಾಪ್ ಅದರ ಪಾಲಿಗೆ ಹುಟ್ಟೇ ಇಲ್ಲ. ಎಮರ್ಜೆನ್ಸಿಯಲ್ಲಿ ರಕ್ತ ಚಿಮ್ಮುತ್ತಿರುವಾಗ "ಮಾಪ್ ಕೊಡಿ, ಮಾಪ್ ಕೊಡಿ" ಅಂತ ಡಾಕ್ಟರ್ ಕೂಗಿದರೆ, ನೀನು ಸ್ಕ್ಯಾನರ್ ಹುಡುಕುತ್ತೀಯಾ?

ಆರ್‌ಎಫ್ ಅದರ ಉಲ್ಟಾ. ಎಣಿಸಲು ಬರಲ್ಲ, ಆದರೆ ನಮ್ಮ ಎಣಿಕೆಯ ಹಂಗೂ ಅದಕ್ಕಿಲ್ಲ. ಮೇಲೆ ಬಸವನಗುಡಿಯವರಿಗೆ ಹೇಳಿದೆನಲ್ಲ, ತಪ್ಪಾಗಿ ತಾಳೆಯಾದ ಲೆಕ್ಕ, ಅದನ್ನು ಹಿಡಿಯಲು ನಮ್ಮ ಲೆಕ್ಕವನ್ನು ನಂಬದ ಒಂದು ಸಾಕ್ಷಿ ಬೇಕು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 210 ಜನರ ಮೇಲೆ 840 ಸಲ ಪರೀಕ್ಷೆ ಮಾಡಿದರು. ತುಂಬಾ ದಪ್ಪ ಇದ್ದವರೂ ಅದರಲ್ಲಿದ್ದರು. ಒಂದನ್ನೂ ತಪ್ಪಿಸಲಿಲ್ಲ, ಇಲ್ಲದ್ದನ್ನು ಇದೆ ಅಂತ ಕೂಗಲೂ ಇಲ್ಲ. ಅದು ಪರೀಕ್ಷೆಯ ಮಾತು. ಥಿಯೇಟರ್‌ನಲ್ಲಿ ಕೋಲನ್ನು ನಿಧಾನವಾಗಿ, ಹೇಳಿಕೊಟ್ಟ ದಾರಿಯಲ್ಲಿ, ಮೈಗೆ ಹತ್ತಿರ ಹಿಡಿದು ಆಡಿಸಬೇಕು. ಮಂಗಳಾರತಿ ಎತ್ತಿದ ಹಾಗೆ ಮೇಲೆ ಒಂದು ಸುತ್ತು ಹಾಕಿ ಆಯ್ತು ಅಂದರೆ ಆಗಲ್ಲ. ಪಕ್ಕದ ಬಕೆಟ್‌ನಲ್ಲಿರುವ ಮಾಪ್‌ಗೂ ಬೀಪ್ ಬರುತ್ತದೆ, ಅದನ್ನು ದೂರ ಸರಿಸಬೇಕು. ಮತ್ತೆ ನೆನಪಿಡು, ಚಿಪ್ ಇರುವುದು ಮಾಪ್‌ನಲ್ಲಿ. ಸೂಜಿ, ಕತ್ತರಿ, ಆರ್ಟರಿ ಫೋರ್ಸೆಪ್ಸ್ ಯಾವುದಕ್ಕೂ ಇದು ಕೂಗುವುದಿಲ್ಲ. ಅವನ್ನು ಎಣಿಸಲೇಬೇಕು.

ಆರ್‌ಎಫ್‌ಐಡಿ ಎರಡನ್ನೂ ಸೇರಿಸಿದ್ದು. ಸ್ಟ್ಯಾನ್‌ಫರ್ಡ್‌ನವರು 2006ರಲ್ಲೇ ಎಂಟು ರೋಗಿಗಳಲ್ಲಿ ಇಂಥ ಕೋಲು ಬಳಸಿ ನೋಡಿದರು, ಮಾಪ್ ಇದೆ ಅಂತ ಮೂರು ಸೆಕೆಂಡಿನೊಳಗೆ ಹೇಳಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಚಿಪ್ ದುಬಾರಿ, ಮೆಷಿನ್ ದುಬಾರಿ, ಕೆಟ್ಟರೆ ರಿಪೇರಿಗೆ ಯಾರು, ಎಷ್ಟು ದಿನಕ್ಕೆ ಬರುತ್ತಾರೆ ಅಂತ ಬರೆಸಿಕೊಳ್ಳದೆ 60 ಹಾಸಿಗೆಯ ಆಸ್ಪತ್ರೆ ಕೈಹಾಕಬಾರದು.

ನನ್ನನ್ನು ಕೇಳಿದರೆ, ಈ ಮೂರಕ್ಕೂ ಮುಂಚೆ ನಿಮ್ಮ ಸರ್‌ಗೆ ಒಂದು ಮಾತು ಹೇಳು. ಒಳಗೇ ಬಟ್ಟೆ ಕತ್ತರಿಸಿ, ಮಡಚಿ, ಡ್ರಮ್‌ನಲ್ಲಿ ಆಟೋಕ್ಲೇವ್ ಮಾಡುವ (ಬಿಸಿ ಹಬೆಯಲ್ಲಿ ಕ್ರಿಮಿ ಸಾಯಿಸುವ) ಮಾಪ್ ನಿಲ್ಲಿಸಿ, ಎಕ್ಸ್-ರೇ ದಾರ ಇರುವ ಪ್ಯಾಕೆಟ್ ಮಾಪ್ ತರಿಸಿ. ಬಳಸಿದ ಮಾಪ್ ಹಾಕಲು ಜೇಬು ಜೇಬಿನ ಪ್ಲಾಸ್ಟಿಕ್ ಚೀಲ ಬರುತ್ತದೆ, ಸ್ಟ್ಯಾಂಡಿಗೆ ತೂಗುಹಾಕುವುದು, ಒಂದು ಜೇಬಿಗೆ ಒಂದು ಮಾಪ್. ಒಂದು ಜೇಬು ಖಾಲಿ ಇದ್ದರೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ನಾನು ನೋಡಿದ ತಂತ್ರಜ್ಞಾನಗಳಲ್ಲೆಲ್ಲ ದುಡ್ಡಿಗೆ ತಕ್ಕ ಕೆಲಸ ಅಂದರೆ ಅದೇ. ಇಷ್ಟು ಆದಮೇಲೆ ದುಡ್ಡು ಉಳಿದರೆ ಆರ್‌ಎಫ್. ಬಾರ್‌ಕೋಡ್ ಕೆಟ್ಟದ್ದಲ್ಲ, ಆದರೆ ಅದು ಶಿಸ್ತನ್ನು ಬೇಡುತ್ತದೆ, ಶಿಸ್ತು ಇಲ್ಲದ ಕಡೆಯೇ ಮಾಪ್ ಉಳಿಯುವುದು.

ಹಾಂ, ಇನ್ನೊಂದು. ಚಿಪ್ ಇರುವ ಮಾಪ್, ಇಲ್ಲದ ಮಾಪ್ ಎರಡನ್ನೂ ಒಂದೇ ಥಿಯೇಟರ್‌ನಲ್ಲಿ ಇಡಬೇಡಿ. ಯಾರೋ ಅವಸರದಲ್ಲಿ ಹಳೇ ಕಟ್ಟು ಬಿಚ್ಚುತ್ತಾರೆ, ಕೋಲು ಆಡಿಸುತ್ತಾರೆ, ಬೀಪ್ ಬರಲ್ಲ, ಮುಚ್ಚುತ್ತಾರೆ. ಮೆಷಿನ್ ಇಲ್ಲದಿದ್ದರೆ ಕೈಹಾಕಿ ಒಂದು ಸಲ ತಡವಿ ನೋಡುತ್ತಿದ್ದರೇನೋ. ಮೆಷಿನ್ ಇದೆಯಲ್ಲ ಅಂತ ಅದನ್ನೂ ಬಿಟ್ಟಿರುತ್ತಾರೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ ಮೇಡಂ? ಆಪರೇಷನ್ ಮುಗಿದ ಮೇಲೆ ಎಲ್ಲರಿಗೂ ಒಂದು ಎಕ್ಸ್-ರೇ ತೆಗೆದರೆ ಮುಗೀತಲ್ವಾ?
(ಓದುಗರು, ಹನುಮಂತನಗರ)

ಉತ್ತರ: ಮುಗಿಯಲ್ಲ. ಹತ್ತಿ ಬಟ್ಟೆ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಅದಕ್ಕೇ ಬೇರಿಯಂ ಸಲ್ಫೇಟ್ ಸೇರಿಸಿದ ಒಂದು ದಾರವನ್ನು ನೇಯ್ದಿರುತ್ತಾರೆ, ಫಿಲ್ಮ್‌ನಲ್ಲಿ ಅದು ಬೆಳ್ಳಗೆ ಸುರುಳಿಯಾಗಿ ಕಾಣುತ್ತದೆ. ದಾರ ಇಲ್ಲದ ಮಾಪ್ ಆದರೆ ನೂರು ಎಕ್ಸ್-ರೇ ತೆಗೆದರೂ ಅಷ್ಟೇ.

ದಾರ ಇದ್ದರೂ ಕಷ್ಟ ಇದೆ. ಥಿಯೇಟರ್ ಟೇಬಲ್ ಮೇಲೆ, ಅಲುಗಾಡುವ ಪೋರ್ಟಬಲ್ ಮೆಷಿನ್‌ನಲ್ಲಿ, ಅರ್ಧ ಹೊಟ್ಟೆ ಮಾತ್ರ ಬರುವ ಹಾಗೆ ತೆಗೆದ ಚಿತ್ರ ಅದು. ಮೇಯೊದವರೇ 2008ರಲ್ಲಿ ಹೇಳಿದ ಪ್ರಕಾರ ಥಿಯೇಟರ್‌ನಲ್ಲಿ ತೆಗೆದ ಎಕ್ಸ್-ರೇ ಒಳಗೆ ಉಳಿದದ್ದರಲ್ಲಿ ನೂರಕ್ಕೆ 67ನ್ನು ಮಾತ್ರ ಹಿಡಿಯಿತು. ಹತ್ತು ಮಿಲಿಮೀಟರ್‌ಗಿಂತ ಚಿಕ್ಕ ಸೂಜಿ ಇನ್ನೂ ಕಷ್ಟ. ಲೆಕ್ಕ ತಪ್ಪಿದಾಗ ಎಕ್ಸ್-ರೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರೇಡಿಯಾಲಜಿಯವರಿಗೆ ಸುಮ್ನೆ ಹೊಟ್ಟೆ ಎಕ್ಸ್-ರೇ ಅಂತ ಕಳಿಸಬಾರದು, ಮಾಪ್ ಒಂದು ಕಮ್ಮಿ ಇದೆ, ಅದರ ದಾರ ಹೀಗಿರುತ್ತದೆ ಅಂತ ಹೇಳಿ ಕಳಿಸಬೇಕು. ಏನು ಹುಡುಕಬೇಕು ಅಂತ ಗೊತ್ತಿದ್ದವರಿಗೇ ಅದು ಸಿಗುವುದು.

ಪ್ರಶ್ನೆ: ಹೆರಿಗೆಯಲ್ಲೂ ಹೀಗಾಗುತ್ತಾ? ನಾರ್ಮಲ್ ಡೆಲಿವರಿ ಆದರೆ ಭಯ ಇಲ್ಲ ಅಲ್ವಾ?
(ಗರ್ಭಿಣಿ, ಕೆಂಗೇರಿ)

ಉತ್ತರ: ಆಗುತ್ತದೆ ತಾಯಿ, ಆದರೆ ಹೆದರಬೇಡಿ. ಹೊಲಿಗೆ ಹಾಕುವಾಗ ರಕ್ತ ಕಾಣದಿರಲಿ ಅಂತ ಯೋನಿಯೊಳಗೆ ಗಾಜ್ ಇಡುತ್ತಾರೆ, ಲೇಬರ್ ವಾರ್ಡ್‌ನಲ್ಲಿ ಥಿಯೇಟರ್‌ನಷ್ಟು ಎಣಿಸುವ ಅಭ್ಯಾಸ ಇರುವುದಿಲ್ಲ. ಬ್ರಿಟನ್‌ನಲ್ಲಿ ಇದನ್ನೂ ಎಂದೂ ಆಗಬಾರದ ತಪ್ಪುಗಳ ಪಟ್ಟಿಯಲ್ಲೇ ಇಟ್ಟಿದ್ದಾರೆ. ಮನೆಗೆ ಬಂದಮೇಲೆ ಕೆಟ್ಟ ವಾಸನೆಯ ಸ್ರಾವ, ಜ್ವರ ಇದ್ದರೆ ಬಾಣಂತಿಗೆ ಇದೆಲ್ಲ ಮಾಮೂಲಿ ಅಂತ ಅಜ್ಜಿ ಹೇಳಿದರೂ ಕೇಳಬೇಡಿ, ಆಸ್ಪತ್ರೆಗೆ ಹೋಗಿ ತೋರಿಸಿ. ಐದು ನಿಮಿಷದ ಕೆಲಸ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಕೊನೇ ವರ್ಷ. ಫಾಸ್ಟ್ಯಾಗ್ ಸ್ಟಿಕ್ಕರ್ ಅಷ್ಟು ಅಗ್ಗ, ಅದನ್ನೇ ಮಾಪ್‌ಗೆ ಹಾಕಿ ಪ್ರಾಜೆಕ್ಟ್ ಮಾಡಬಹುದಾ? ಅಥವಾ ಕ್ಯಾಮೆರಾ ಇಟ್ಟು ಎಐ ಹತ್ತಿರ ಎಣಿಸಿದರೆ?
(ವಿದ್ಯಾರ್ಥಿ, ಬನಶಂಕರಿ)

ಉತ್ತರ: ಫಾಸ್ಟ್ಯಾಗ್ ಕೆಲಸ ಮಾಡುವುದು 865ರಿಂದ 867 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಗಳನ್ನು ನೀರು ಕುಡಿದುಬಿಡುತ್ತದೆ. ಕಾರಿನ ಗಾಜಿಗೆ ಅಂಟಿಸಿದರೆ ಮೀಟರ್‌ಗಟ್ಟಲೆ ದೂರದಿಂದ ಓದುವ ಚಿಪ್, ಒದ್ದೆ ಮಾಪ್‌ನೊಳಗೆ, ಅದರ ಸುತ್ತ ಕರುಳು, ಮೇಲೆ ಕೊಬ್ಬು ಇರುವಾಗ ಸುಸ್ತಾಗುತ್ತದೆ. ಮಾಪ್‌ಗಳಲ್ಲಿ ಬಳಸುವುದು ಅದಕ್ಕಿಂತ ತುಂಬಾ ಕಡಿಮೆ ಫ್ರೀಕ್ವೆನ್ಸಿ, ಅದು ಮೈಯೊಳಗಿಂದ ಸಲೀಸಾಗಿ ಬರುತ್ತದೆ, ಆದರೆ ದೂರ ಹೋಗಲ್ಲ. ನಿಮ್ಮ ಗೈಡ್ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಜೊತೆಗೆ ಆ ಚಿಪ್ ಆಟೋಕ್ಲೇವ್‌ನ 121 ಡಿಗ್ರಿ ಹಬೆಯನ್ನು ತಡೆಯಬೇಕು ಅನ್ನುವುದನ್ನೂ ಮರೆಯಬೇಡಿ.

ಕ್ಯಾಮೆರಾ ಐಡಿಯಾ ಹಳೆಯದೇ. ಅಮೆರಿಕದಲ್ಲಿ ಟ್ರೈಟನ್ ಅನ್ನುವ ವ್ಯವಸ್ಥೆ ಇದೆ, ಬಳಸಿದ ಮಾಪ್ ಬಿಡಿಸಿ ಐಪ್ಯಾಡ್ ಮುಂದೆ ಹಿಡಿದರೆ ಎಷ್ಟು ರಕ್ತ ಹೋಗಿದೆ ಅಂತ ಅಂದಾಜು ಮಾಡುತ್ತದೆ, ಹಾಗೇ ಎಣಿಸುತ್ತದೆ. ನನಗೆ ಇದು ಇಷ್ಟ, ಯಾಕೆಂದರೆ ರಕ್ತದ ಅಂದಾಜಿಗೆ ನಾವು ಮಾಪ್ ತೂಕ ಹಾಕುತ್ತಿದ್ದೆವು, ಒಂದು ಗ್ರಾಂ ಜಾಸ್ತಿ ಅಂದರೆ ಸುಮಾರು ಒಂದು ಎಂಎಲ್ ರಕ್ತ ಅಂತ, ತಕ್ಕಡಿ ಎದುರು ನಿಂತು ಕಾಲು ನೋಯುತ್ತಿತ್ತು. ಆದರೆ ಕ್ಯಾಮೆರಾಕ್ಕೆ ಕಾಣುವುದು ಹೊರಗೆ ಬಂದ ಮಾಪ್ ಮಾತ್ರ. ಒಳಗಿರುವುದನ್ನು ಅದು ನೋಡಿಲ್ಲ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿಗೆ ಹೊಟ್ಟೆ ಆಪರೇಷನ್ ಆಗಿತ್ತು. ಅವತ್ತಿನಿಂದಲೂ ಬಲಗಡೆ ನೋವು, ಆಗಾಗ ಜ್ವರ. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸುತ್ತಾರೆ. ಬಟ್ಟೆ ಉಳಿದಿರಬಹುದಾ? ಉಳಿದಿದ್ದರೆ ಕೇಸ್ ಹಾಕಬಹುದಾ?
(ಹೆಸರು ಬೇಡ, ಯಲಹಂಕ)

ಉತ್ತರ: ಉಳಿದಿರಬಹುದು, ಇಲ್ಲದೆಯೂ ಇರಬಹುದು. ನೋವಿಗೆ ನೂರು ಕಾರಣ. ಆದರೆ ಇನ್ನೊಂದು ಡಬ್ಬಿ ಮಾತ್ರೆ ತಗೊಳ್ಳುವ ಮುಂಚೆ ಒಬ್ಬ ಸರ್ಜನ್‌ಗೆ ತೋರಿಸಿ, ಆಪರೇಷನ್ ಆದಮೇಲೆ ಶುರುವಾದ ನೋವು ಅಂತ ಬಾಯಿಬಿಟ್ಟು ಹೇಳಿ, ಸಿಟಿ ಸ್ಕ್ಯಾನ್ ಬೇಕಾ ಅಂತ ಕೇಳಿ. ಹೊಟ್ಟೆಯಲ್ಲಿ ಉಳಿದ ಬಟ್ಟೆ ಕೆಲವರಲ್ಲಿ ವಾರದೊಳಗೆ ಕೀವಾಗಿ ಜ್ವರ ಬರಿಸುತ್ತದೆ. ಇನ್ನು ಕೆಲವರಲ್ಲಿ ಮೈ ಅದರ ಸುತ್ತ ಗೋಡೆ ಕಟ್ಟಿ ವರ್ಷಗಟ್ಟಲೆ ಗಡ್ಡೆ ಥರ ಇಟ್ಟುಕೊಂಡಿರುತ್ತದೆ. ಆ ಗಡ್ಡೆಗೆ ಗಾಸಿಪಿಬೋಮಾ ಅಂತ ಹೆಸರು. ಹತ್ತಿಯ ಲ್ಯಾಟಿನ್ ಹೆಸರಿನ ಜೊತೆ ಅಡಗುವ ಜಾಗ ಅನ್ನುವ ಸ್ವಾಹಿಲಿ ಮಾತು ಸೇರಿಸಿದ್ದಂತೆ.

ಕೇಸಿನ ವಿಷಯ. ಔರಂಗಾಬಾದ್‌ನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಸಂತಾನಹರಣ ಆಪರೇಷನ್ ವೇಳೆ ಬಾಣಂತಿಯೊಬ್ಬರ ಹೊಟ್ಟೆಯಲ್ಲಿ ಮಾಪ್ ಬಿಟ್ಟರು, ಆಕೆ ಆ ತಿಂಗಳೇ ತೀರಿಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರವೇ ಹೊಣೆ ಅಂದಿತು, ಮಾಪ್ ಒಳಗೆ ಸಿಕ್ಕಿದ ಮೇಲೆ ನಿರ್ಲಕ್ಷ್ಯಕ್ಕೆ ಬೇರೆ ಸಾಕ್ಷಿ ಬೇಕಿಲ್ಲ ಅನ್ನುವ ಅರ್ಥದಲ್ಲಿ. ಪರಿಹಾರ 36,000 ರೂಪಾಯಿ, ಕಾದಿದ್ದು ಮೂವತ್ತಮೂರು ವರ್ಷ.

ಇನ್ನೊಂದು ಕೇಸ್ ನಿಮಗೆ ಜಾಸ್ತಿ ಬೇಕಾದ್ದು. 1993ರಲ್ಲಿ ಪಿತ್ತಕೋಶದ ಆಪರೇಷನ್ ಆದ ಒಬ್ಬರಿಗೆ 2002ರಲ್ಲಿ ಹೊಟ್ಟೆಯಲ್ಲಿ ಗಾಜ್ ಸಿಕ್ಕಿತು. ಎರಡು ವರ್ಷದೊಳಗೆ, 2004ರಲ್ಲಿ ಗ್ರಾಹಕ ದೂರು ಕೊಟ್ಟರು. ಸುಪ್ರೀಂ ಕೋರ್ಟ್ 2010ರಲ್ಲಿ ತಡವಾಯಿತು ಅಂತ ದೂರನ್ನು ತಳ್ಳಿಹಾಕಿತು. ಇಷ್ಟು ವರ್ಷ ನೋವಿದ್ದರೂ, ಅದೂ ನೀವೇ ನರ್ಸ್ ಆಗಿದ್ದೂ, ಯಾಕೆ ಮೊದಲೇ ಪತ್ತೆ ಮಾಡಿಸಲಿಲ್ಲ ಅಂತ. ಓದಿ ನನಗೆ ಹೊಟ್ಟೆ ಉರಿಯಿತು. ಆದರೆ ಕಾನೂನು ಹಾಗಿದೆ. ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಗಡುವು, ಆ ಎರಡು ವರ್ಷ ಎಲ್ಲಿಂದ ಶುರು ಅನ್ನುವುದರಲ್ಲೇ ಜಗಳ ಇರುವುದು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಕಡೆ ಆಗಿದ್ದರೆ ಗ್ರಾಹಕ ಕಾನೂನು ಬರುವುದಿಲ್ಲ, ಸಿವಿಲ್ ಕೋರ್ಟ್ ದಾರಿ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಹಳೇ ಆಸ್ಪತ್ರೆಗೆ ಕೇಸ್ ಶೀಟ್ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ನಿಯಮ ಇದೆ. ಆದರೆ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು ಅಂತಲೂ ಅದೇ ನಿಯಮ ಹೇಳುತ್ತದೆ, ನಿಮ್ಮದು ನಾಲ್ಕಾಗಿದೆ. ಸಿಕ್ಕರೆ ಪುಣ್ಯ. ಸಿಕ್ಕಿದರೆ ಮಾಪ್ ಲೆಕ್ಕದ ಹಾಳೆ ಇದೆಯಾ ನೋಡಿ. ಸ್ಕ್ಯಾನ್ ಮಾತ್ರ ಈ ವಾರವೇ.

ಪ್ರಶ್ನೆ: ಸಿಸ್ಟರ್, ಬೇಜಾರು ಮಾಡಿಕೊಳ್ಳಬೇಡಿ. ನೀವು ಎಂದಾದರೂ ಬಿಟ್ಟಿದ್ದೀರಾ?
(ನರ್ಸಿಂಗ್ ವಿದ್ಯಾರ್ಥಿನಿ, ಹೆಬ್ಬಾಳ)

ಉತ್ತರ: ಗೊತ್ತಿಲ್ಲ. ಇಲ್ಲ ಅಂತ ಹೇಳಲು ಆಸೆ, ಆದರೆ ಸರಿ ಬಂದ ಲೆಕ್ಕಗಳನ್ನು ಯಾರೂ ತಿರುಗಿ ನೋಡಿಲ್ಲವಲ್ಲ. ಒಂದು ರಾತ್ರಿಯ ಕಥೆ ಹೇಳುತ್ತೇನೆ.

ಸಿಸೇರಿಯನ್, ರಕ್ತ ನಿಲ್ಲುತ್ತಿರಲಿಲ್ಲ. ಆಗ ಮಾಪ್ ನಮ್ಮಲ್ಲೇ ಮಡಚಿ ಐದೈದರ ಕಟ್ಟು ಕಟ್ಟುತ್ತಿದ್ದೆವು, ಎಕ್ಸ್-ರೇ ದಾರ ಗೀರ ಇಲ್ಲ. ಅವಸರದಲ್ಲಿ ಕಟ್ಟು ಬಿಚ್ಚಿ ಬಿಚ್ಚಿ ಕೊಟ್ಟೆ, ಒಂದೊಂದಾಗಿ ಎಣಿಸಲಿಲ್ಲ, ಐದು ಕಟ್ಟು, ಐದೈದಲ ಇಪ್ಪತ್ತೈದು ಅಂತ ಬೋರ್ಡ್ ಮೇಲೆ ಬರೆದೆ. ಕೊನೆಗೆ ಎಣಿಸಿದರೆ 26. ಎರಡನೇ ಸಲವೂ 26. ಡಾಕ್ಟರ್ ಸೂಜಿ ಕೈಯಲ್ಲಿ ಹಿಡಿದು, "ಜಾಸ್ತಿ ತಾನೇ ಬಂದಿರೋದು, ಒಳಗೇನೂ ಇಲ್ಲ ಅಂತ ಆಯ್ತಲ್ಲ" ಅಂದರು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆಮೇಲೆ ಹೊಳೆಯಿತು. ಒಂದು ಕಟ್ಟಿನಲ್ಲಿ ಆರು ಇತ್ತು ಅಂದರೆ ಇನ್ನೊಂದರಲ್ಲೂ ಆರು ಇದ್ದಿದ್ದರೆ? "ಮುಚ್ಚಬೇಡಿ ಸಾರ್, ಕೈಹಾಕಿ ನೋಡಿ" ಅಂದೆ. ಬೈದರು. ಬೈಯುತ್ತಲೇ ನೋಡಿದರು. ಎಡಗಡೆ ಕರುಳಿನ ಪಕ್ಕದ ಸಂದಿಯಿಂದ ಲಾಡಿ ಹಿಡಿದು ಇಪ್ಪತ್ತೇಳನೆಯದನ್ನು ಎಳೆದರು.

ಬೆಳಗ್ಗೆ ಡ್ಯೂಟಿ ಮುಗಿಸಿ ಮಾಪ್ ಮಡಚುವ ಕೋಣೆಗೆ ಹೋದೆ. ಆಯಾ ಅಲ್ಲೇ ನೆಲದ ಮೇಲೆ ಕೂತು ಮಡಚುತ್ತಿದ್ದರು. ಕಟ್ಟಿನಲ್ಲಿ ಆರು ಬಂದಿದೆ ಅಂದೆ. "ಆವತ್ತು ಕರೆಂಟ್ ಹೋಗಿತ್ತು ಸಿಸ್ಟರ್, ಕೈಗೆ ಸಿಕ್ಕಿದ್ದು ಕಟ್ಟಿದೆ" ಅಂದರು. ಅವರ ಮೇಲೆ ಕೋಪ ಬರಲಿಲ್ಲ. ಬಿಚ್ಚಿ ಎಣಿಸಬೇಕಾಗಿದ್ದವಳು ನಾನು.